ಕಾರಿಗೆ 30, ಸ್ಕೂಟರಿಗೆ 15: ಕಾಲೇಜು ಊರಿನ ಪಾರ್ಕಿಂಗ್ ಲೆಕ್ಕ

ಬುಟಿಬೋರಿಯಲ್ಲಿ ಭಾನುವಾರ ಬೆಳಿಗ್ಗೆ ಪಾರ್ಕಿಂಗ್ ವಿಷಯ ಕೇಳೋಕೆ ಇಷ್ಟು ಜನ ಕನ್ನಡದವರು ಬಂದಿದ್ದೀರಿ ಅಂದ್ರೆ, ಒಂದೋ ನಿಮಗೆ ಈ ವಿಷಯದ ಮೇಲೆ ಸಿಟ್ಟಿದೆ, ಇಲ್ಲಾಂದ್ರೆ ಆಮೇಲಿನ ಉಪ್ಪಿಟ್ಟಿನ ಮೇಲೆ ಪ್ರೀತಿ ಇದೆ. ಎರಡೂ ಸರಿಯೇ.

ನಾನು ಮಾತಾಡೋಕೆ ಹೊರಟಿರೋದು ಇಷ್ಟು. ಕಾಲೇಜುಗಳಿರೋ ಊರಲ್ಲಿ, ಅಂದ್ರೆ ವಿದ್ಯಾರ್ಥಿಗಳು, ಪಿಜಿಗಳು, ಕೋಚಿಂಗ್ ಕ್ಲಾಸುಗಳು, ಚಹಾ ಅಂಗಡಿಗಳು ತುಂಬಿರೋ ಬೀದಿಗಳಲ್ಲಿ, ರಸ್ತೆ ಬದಿ ಗಾಡಿ ನಿಲ್ಲಿಸೋಕೆ ದುಡ್ಡು ತಗೋಬೇಕಾ? ತಗೊಂಡ್ರೆ ಯಾರಿಂದ ಎಷ್ಟು? ಆ ದುಡ್ಡು ಎಲ್ಲಿಗೆ ಹೋಗಬೇಕು? ನನ್ನ ನಿಲುವು ಮೊದಲೇ ಹೇಳಿಬಿಡ್ತೀನಿ: ತಗೋಬೇಕು. ಆದರೆ ನಮ್ಮ ಕಡೆ ತಗೊಳ್ಳೋ ಲೆಕ್ಕದಲ್ಲಿ ಸ್ಕೂಟರಿನ ಹುಡುಗ ಕಾರಿನ ಯಜಮಾನನ ಬಾಡಿಗೆ ಕಟ್ಟುತ್ತಿದ್ದಾನೆ. ಅದು ಹೇಗೆ ಅಂತ ತೋರಿಸ್ತೀನಿ.

ಬುಟಿಬೋರಿಯಲ್ಲಿ ನಿಂತು ಇದನ್ನು ಯಾಕೆ ಹೇಳಬೇಕು? ಇದು ಕಾಲೇಜು ಊರಲ್ಲ, ಎಂಐಡಿಸಿ ಊರು. ಇಲ್ಲಿ ರಸ್ತೆ ಬದಿ ನಿಲ್ಲೋದು ಲಾರಿಗಳು. ಆದರೆ ನಮ್ಮಲ್ಲಿ ಅರ್ಧ ಜನ ಮಿಹಾನ್‌ಗೆ ಕೆಲಸಕ್ಕೆ ಹೋಗ್ತೀವಿ, ವಾರಾಂತ್ಯಕ್ಕೆ ನಾಗ್ಪುರಕ್ಕೆ ಹೋಗ್ತೀವಿ. ಮಾಟೆ ಚೌಕದಿಂದ ಐಟಿ ಪಾರ್ಕ್ ಕಡೆಗಿನ ರಸ್ತೆ ನಿಮಗೆಲ್ಲ ಗೊತ್ತು. ಹತ್ತಿರದಲ್ಲೇ ವಿಎನ್‌ಐಟಿ, 1960ರಲ್ಲಿ ಶುರುವಾದ ಕಾಲೇಜು. ಸಂಜೆಯಾದರೆ ವಿದ್ಯಾರ್ಥಿಗಳು, ಆಫೀಸಿನವರು, ತಿಂಡಿ ಗಾಡಿಗಳು. ಅಲ್ಲಿ ಕಾರು ನಿಲ್ಲಿಸೋಕೆ ಜಾಗ ಹುಡುಕಿ ಸುತ್ತು ಹೊಡೆಯದವರು ಕೈ ಎತ್ತಿ. ನೋಡಿ, ಯಾರೂ ಇಲ್ಲ. ಇನ್ನೊಂದು ಕಾರಣ ಇದೆ. ನಾಗ್ಪುರ ಮೆಟ್ರೊದ ಎರಡನೇ ಹಂತಕ್ಕೆ ಕೇಂದ್ರ ಸಂಪುಟ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಒಂದು ಕವಲು ಮಿಹಾನ್‌ನಿಂದ ಇಲ್ಲಿಯ ಎಂಐಡಿಸಿವರೆಗೆ ಬರುತ್ತೆ. ನಿಲ್ದಾಣ ಬಂದ ಕಡೆ ಗಾಡಿಗಳು ಬರುತ್ತವೆ. ಒಮ್ಮೆ ಜನ ಬಿಟ್ಟಿಯಾಗಿ ನಿಲ್ಲಿಸಿ ಅಭ್ಯಾಸ ಮಾಡಿಕೊಂಡ ಮೇಲೆ ಆ ಜಾಗ ಅವರ ಅಜ್ಜನ ಆಸ್ತಿಯ ಹಾಗೆ ಆಗಿಬಿಡುತ್ತೆ. ಮಾತಾಡೋದಿದ್ರೆ ಅದಕ್ಕಿಂತ ಮುಂಚೆ ಮಾತಾಡಬೇಕು.

ಮೊದಲು ಒಂದು ಹಳೇ ಕಥೆ. ಪಾರ್ಕಿಂಗ್ ಮೀಟರ್ ಅನ್ನೋ ಯಂತ್ರ ಹುಟ್ಟಿದ್ದೇ ಒಂದು ಕಾಲೇಜಿನಲ್ಲಿ. ಅಮೆರಿಕದ ಓಕ್ಲಹೋಮಾ ಸಿಟಿಯಲ್ಲಿ ಕಾರ್ಲ್ ಮಗೀ ಅಂತ ಒಬ್ಬ ಪತ್ರಿಕೆಯವರಿದ್ದರು. ಪೇಟೆಯ ಅಂಗಡಿಗಳಲ್ಲಿ ಕೆಲಸ ಮಾಡೋರೇ ಬೆಳಿಗ್ಗೆ ಬಂದು ಕಾರು ನಿಲ್ಲಿಸಿ ಸಂಜೆವರೆಗೂ ತೆಗೀತಿರಲಿಲ್ಲ, ಗಿರಾಕಿಗೆ ಜಾಗ ಸಿಗ್ತಿರಲಿಲ್ಲ. ಮಗೀ ಸ್ಟಿಲ್‌ವಾಟರ್ ಅನ್ನೋ ಊರಿನ ಓಕ್ಲಹೋಮಾ ಎ ಆ್ಯಂಡ್ ಎಂ ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸ್ಪರ್ಧೆ ಇಟ್ಟರು. ಕೊನೆಗೆ ಕೆಲಸಕ್ಕೆ ಬಂದ ಯಂತ್ರ ಮಾಡಿಕೊಟ್ಟದ್ದು ಅದೇ ಕಾಲೇಜಿನ ಹೋಲ್ಗರ್ ಥೂಸನ್ ಮತ್ತು ಜೆರಾಲ್ಡ್ ಹೇಲ್. 1935ರ ಜುಲೈ 16ರಂದು ಮೊದಲ ಮೀಟರ್ ನಿಂತಿತು. ಗಂಟೆಗೆ 5 ಸೆಂಟ್. ಆಮೇಲೆ ಒಬ್ಬ ಪಾದ್ರಿ ಸಿಕ್ಕಿಬಿದ್ದ. ಆತನ ವಾದ ಏನು ಗೊತ್ತಾ? ನಾನು ಅಂಗಡಿಗೆ ಹೋಗಿದ್ದೇ ಚಿಲ್ಲರೆ ತರೋಕೆ ಅಂತ! ನಮ್ಮ ಬಸ್ ಕಂಡಕ್ಟರುಗಳ ಮುಂದೆ ನಾವು ಹೇಳುತ್ತಾ ಬಂದ ಮಾತು ಪಾರ್ಕಿಂಗ್ ಮೀಟರಿನಷ್ಟೇ ಹಳೆಯದು.

ಇದರಲ್ಲಿ ಗಮನಿಸಬೇಕಾದ್ದು ಒಂದೇ. ಮೀಟರ್ ಬಂದದ್ದು ಸರ್ಕಾರದ ಖಜಾನೆ ತುಂಬೋಕೆ ಅಲ್ಲ. ಇಡೀ ದಿನ ಒಂದೇ ಕಾರು ಆಕ್ರಮಿಸಿಕೊಂಡ ಜಾಗವನ್ನು ಹತ್ತು ಜನಕ್ಕೆ ಸಿಗೋ ಹಾಗೆ ಮಾಡೋಕೆ. ಬಾಯಲ್ಲಿ ಹೇಳಿದರೆ ಯಾರೂ ಗಾಡಿ ತೆಗೆಯೋಲ್ಲ, ಕಾಸು ಕೇಳಿದರೆ ತೆಗೀತಾರೆ.

ಇದನ್ನು ಜೀವನವಿಡೀ ಅಭ್ಯಾಸ ಮಾಡಿದ ಮೇಷ್ಟ್ರು ಡೊನಾಲ್ಡ್ ಶೂಪ್. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದರು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ವಿಶ್ವವಿದ್ಯಾಲಯದ ಬಾಗಿಲಲ್ಲೇ ವೆಸ್ಟ್‌ವುಡ್ ವಿಲೇಜ್ ಅಂತ ಒಂದು ಪೇಟೆ ಇದೆ. ಅಲ್ಲಿ ರಸ್ತೆ ಬದಿಯ ಪಾರ್ಕಿಂಗ್ ಅಗ್ಗ, ಕಟ್ಟಡದೊಳಗಿನದ್ದು ದುಬಾರಿ. ಹಾಗಾಗಿ ಎಲ್ಲರೂ ರಸ್ತೆ ಬದಿ ಜಾಗಕ್ಕೆ ಸುತ್ತು ಹೊಡೆಯೋರು. ಶೂಪ್ ಅವರ ತಂಡ ಸೈಕಲ್ ಮೇಲೆ ಸುತ್ತಿ ಅಳೆಯಿತು. ಜಾಗ ಸಿಗೋಕೆ ಸರಾಸರಿ 3.3 ನಿಮಿಷ, ಸುಮಾರು 800 ಮೀಟರ್ ಓಡಾಟ. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಆದರೆ ಹದಿನೈದು ಬ್ಲಾಕಿನ ಆ ಸಣ್ಣ ಪೇಟೆಯಲ್ಲಿ ವರ್ಷಕ್ಕೆ ಈ ಓಡಾಟ ಸೇರಿಸಿದರೆ ಸುಮಾರು 15 ಲಕ್ಷ ಕಿಲೋಮೀಟರ್. ಭೂಮಿಗೆ 38 ಸುತ್ತು. ಎಲ್ಲಿಗೂ ಹೋಗದ ಪ್ರಯಾಣ ಅದು. ನಾವು ಎನ್‌ಎಚ್ 44 ಹಿಡಿದು ಹೈದರಾಬಾದ್ ದಾಟಿ ಬೆಂಗಳೂರಿಗೆ ಹೋಗ್ತೀವಲ್ಲ, ಅಲ್ಲಿ ಕೊನೆಗೆ ಊರಾದರೂ ಸಿಗುತ್ತೆ.

ಶೂಪ್ ಅವರ ಸೂತ್ರ ಸರಳ. ಸರಿಯಾದ ದರ ಯಾವುದು? ಯಾವ ದರಕ್ಕೆ ಬೀದಿಯಲ್ಲಿ ಯಾವಾಗಲೂ ಒಂದೆರಡು ಜಾಗ ಖಾಲಿ ಉಳಿಯುತ್ತೋ ಅದು. ಏಳೆಂಟು ಜಾಗಕ್ಕೆ ಒಂದು ಖಾಲಿ. ಪೂರ್ತಿ ತುಂಬಿದ್ದರೆ ದರ ಕಡಿಮೆಯಾಗಿದೆ, ಅರ್ಧ ಖಾಲಿ ಇದ್ದರೆ ಜಾಸ್ತಿಯಾಗಿದೆ. ಸ್ಯಾನ್ ಫ್ರಾನ್ಸಿಸ್ಕೊ 2011ರಿಂದ ಸೆನ್ಸರ್ ಹಾಕಿ ಇದನ್ನೇ ಮಾಡಿ ನೋಡಿತು, ಒಂದೊಂದು ಬ್ಲಾಕಿಗೆ ಒಂದೊಂದು ದರ, ಆಗಾಗ ಬದಲಾವಣೆ. ಕೊನೆಗೆ ಮೀಟರಿನ ಸರಾಸರಿ ದರ ಸುಮಾರು ಶೇ 4ರಷ್ಟು ಇಳಿಯಿತು. ಏರಲಿಲ್ಲ, ಇಳಿಯಿತು. ಯಾಕಂದ್ರೆ ಎಷ್ಟೋ ಬೀದಿಗಳಲ್ಲಿ ಸುಮ್ಮನೆ ಹೆಚ್ಚು ವಸೂಲಿ ಮಾಡ್ತಿದ್ದರು. ಇಲ್ಲಿರೋರಲ್ಲಿ ಅರ್ಧ ಜನಕ್ಕೆ ಈ ಥರದ ಸಿಸ್ಟಂ ಬರೆಯೋದು ಒಂದು ವಾರದ ಕೆಲಸ. ಕಷ್ಟ ಇರೋದು ಕೋಡ್‌ನಲ್ಲಿ ಅಲ್ಲ.

ಈಗ ನಮ್ಮ ಬೆಂಗಳೂರಿಗೆ ಬರೋಣ. ಅಲ್ಲಿ ಹಿಂದೆ ಪೇ ಆ್ಯಂಡ್ ಪಾರ್ಕ್ ಇತ್ತು, ಗುತ್ತಿಗೆದಾರರ ವಸೂಲಿ ಬಗ್ಗೆ ದೂರುಗಳಾಗಿ ನಿಂತು ಹೋಯಿತು. ಆಮೇಲೆ ವರ್ಷಗಟ್ಟಲೆ ಬಿಟ್ಟಿ. ಆಮೇಲೆ ಕಸ್ತೂರ್ಬಾ ರಸ್ತೆ ಕಡೆಯಿಂದ ಸ್ಮಾರ್ಟ್ ಪಾರ್ಕಿಂಗ್ ಅಂತ ಬಂತು, ಸೆನ್ಸರ್, ಮೀಟರ್, ಆ್ಯಪ್ ಎಲ್ಲ. ದೊಡ್ಡ ರಸ್ತೆಗಳಲ್ಲಿ ಗಂಟೆಗೆ ಕಾರಿಗೆ 30 ರೂಪಾಯಿ, ದ್ವಿಚಕ್ರಕ್ಕೆ 15. ಪತ್ರಿಕೆಗಳಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಜಗಳ ಎಲ್ಲ 30 ರೂಪಾಯಿ ಬಗ್ಗೆ. ಅಯ್ಯೋ ಗಂಟೆಗೆ ಮೂವತ್ತಾ, ಲೂಟಿ! 15ರ ಬಗ್ಗೆ ಅಷ್ಟು ಗಲಾಟೆ ನಾನು ಕಾಣಲಿಲ್ಲ. ನನ್ನ ಜಗಳ ಇರೋದೇ ಅಲ್ಲಿ.

ಲೆಕ್ಕ ಮಾಡೋಣ. ರಸ್ತೆ ಬದಿ ಒಂದು ಕಾರಿಗೆ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬೇಕು. ಹನ್ನೆರಡೂವರೆ ಚದರ ಮೀಟರ್. ನಮ್ಮ ಹಳೇ ಲೆಕ್ಕದಲ್ಲಿ ಸುಮಾರು 135 ಚದರ ಅಡಿ. ಸ್ಕೂಟರಿಗೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ ಸಾಕು, ಅದೂ ಧಾರಾಳವಾಗಿ. ಅಂದ್ರೆ ಒಂದು ಕಾರಿನ ಜಾಗದಲ್ಲಿ ಆರು ಸ್ಕೂಟರ್ ನಿಲ್ಲುತ್ತವೆ. ಆರು ಸ್ಕೂಟರಿಗೆ ಗಂಟೆಗೆ 15ರ ಹಾಗೆ 90 ರೂಪಾಯಿ. ಅದೇ ಜಾಗದಲ್ಲಿ ಒಂದು ಕಾರು ನಿಂತರೆ 30. ಒಂದೇ ನೆಲ, ಮೂರು ಪಟ್ಟು ಬಾಡಿಗೆ. ಕಟ್ಟೋರು ಯಾರು? ಸ್ಕೂಟಿಯಲ್ಲಿ ಕಾಲೇಜಿಗೆ ಬರೋ ಹುಡುಗಿ, ಡೆಲಿವರಿ ಹುಡುಗ, ಲ್ಯಾಬ್ ಅಸಿಸ್ಟೆಂಟ್. ಕಾರು ದೊಡ್ಡದು, ಅದಕ್ಕೆ ಎರಡು ಪಟ್ಟು ಹಾಕಿದ್ದೀವಿ ಅಂತ ಪಟ್ಟಿ ಮಾಡಿದವರಿಗೆ ನ್ಯಾಯ ಅನ್ನಿಸಿರಬಹುದು. ಟೇಪು ಹಿಡಿದು ಅಳೆದಿದ್ದರೆ ಆರು ಪಟ್ಟು ಹಾಕಬೇಕಿತ್ತು. ಕಾರಿಗೆ 30 ಇರಲಿ, ಸ್ಕೂಟರಿಗೆ 5 ಮಾಡಿ. ಮುಗೀತು.

ಬೆಂಗಳೂರಿನ ಪೇಟೆ ರಸ್ತೆಯಲ್ಲಾದರೆ ಇದು ಸಣ್ಣ ಅನ್ಯಾಯ. ಇದೇ ದರಪಟ್ಟಿಯನ್ನು ಧಾರವಾಡದ ಸಪ್ತಾಪುರಕ್ಕೆ ತಗೊಂಡು ಹೋಗಿ ನೋಡಿ. ಕೆಪಿಎಸ್‌ಸಿ, ಪಿಎಸ್‌ಐ, ಬ್ಯಾಂಕು ಅಂತ ಪರೀಕ್ಷೆಗೆ ಓದೋಕೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಹುಡುಗರು, ಓಣಿ ಓಣಿಗೆ ಕೋಚಿಂಗು, ಮನೆ ಮನೆಗೆ ರೂಮು. ಇಲ್ಲಾ ಮಣಿಪಾಲದ ಟೈಗರ್ ಸರ್ಕಲ್‌ಗೆ ತಗೊಂಡು ಹೋಗಿ. ಇಂಥ ಕಡೆ ರಸ್ತೆ ಬದಿಯ ಗಾಡಿಗಳಲ್ಲಿ ಮುಕ್ಕಾಲು ದ್ವಿಚಕ್ರ ಅಂದುಕೊಳ್ಳಿ. ಅಲ್ಲಿ ಈ ಪಟ್ಟಿ ಹಾಕಿದರೆ ವಸೂಲಿಯ ದೊಡ್ಡ ಪಾಲು ದುಡಿಮೆ ಇಲ್ಲದ ಹುಡುಗರಿಂದಲೇ ಬರುತ್ತೆ, ಜಾಗದ ದೊಡ್ಡ ಪಾಲು ಕಾರಿಗೇ ಹೋಗುತ್ತೆ.

ಹಾಗಾದ್ರೆ ಕಾರಿಗೆ 30 ಜಾಸ್ತಿಯಾ? ಇನ್ನೊಂದು ಲೆಕ್ಕ ಹಾಕಿ. ಪಿಜಿಯ ಒಂದು ರೂಮು ಹತ್ತಡಿ ಹನ್ನೆರಡಡಿ, 120 ಚದರ ಅಡಿ ಅಂದುಕೊಳ್ಳಿ. ಎರಡು ಮಂಚ, ಇಬ್ಬರು. ಊಟ ಬಿಟ್ಟು ತಲಾ 4,000 ಅಂದ್ರೂ ತಿಂಗಳಿಗೆ 8,000. ಕೆಳಗೆ ಬೀದಿಯಲ್ಲಿ ನಿಂತ ಕಾರಿಗೆ ಆ ರೂಮಿಗಿಂತ ಹೆಚ್ಚು ಜಾಗ. ಗಂಟೆಗೆ 30ರಂತೆ ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 26 ದಿನ: 7,800. ಅಂದ್ರೆ ನಾವು ಲೂಟಿ ಅಂತ ಕೂಗಾಡೋ ದರ, ಮಹಡಿ ಮೇಲಿನ ಇಬ್ಬರು ಹುಡುಗರು ಯಾರೂ ಕೂಗಾಡದೆ ಕಟ್ಟುತ್ತಿರೋ ಬಾಡಿಗೆಯಷ್ಟೇ. ಬಿಟ್ಟಿ ಅಂತ ನಾವು ಕರೆಯೋದನ್ನು ಯಾರೋ ಕಟ್ಟುತ್ತಾನೇ ಇರ್ತಾರೆ.

ಇಲ್ಲಿ ಒಬ್ಬರು ಖಂಡಿತ ಕೇಳ್ತೀರಿ: ಸಾರ್, ನಾನು ರೋಡ್ ಟ್ಯಾಕ್ಸ್ ಕಟ್ಟಿದ್ದೀನಲ್ಲ. ಕಟ್ಟಿದ್ದೀರಿ, ಒಪ್ಪಿದೆ. ನಮ್ಮಂಥವರು ಎರಡೆರಡು ಸಲ ಕಟ್ಟಿದ್ದೀವಿ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಕಟ್ಟಿ, ಹನ್ನೆರಡು ತಿಂಗಳು ದಾಟಿತು ಅಂತ ಇಲ್ಲಿ ಎಂಎಚ್ 40 ಮಾಡಿಸಿ, ಮತ್ತೆ ಕಟ್ಟಿ, ಅಲ್ಲಿಯ ಹಣ ವಾಪಸ್ ತಗೊಳ್ಳೋಕೆ ಊರಿನ ಆರ್‌ಟಿಒ ಮೆಟ್ಟಿಲು ಹತ್ತಿ ಇಳಿದಿದ್ದೀವಿ. ಆ ಕಥೆ ಬೇರೆ ದಿನಕ್ಕಿರಲಿ, ಅದಕ್ಕೆ ಒಂದು ಮಾತು ಸಾಲದು, ಸಪ್ತಾಹ ಬೇಕು. ಆದರೆ ಆ ತೆರಿಗೆ ರಸ್ತೆ ಮೇಲೆ ಗಾಡಿ ಓಡಿಸೋಕೆ. ಸರ್ಕಾರಿ ಜಾಗದಲ್ಲಿ ದಿನಗಟ್ಟಲೆ ಸಾಮಾನು ಇಡೋಕಲ್ಲ. ಅದೇ ಜಾಗದಲ್ಲಿ ನೀವು ನಿಮ್ಮ ಫ್ರಿಜ್ಜು ಇಟ್ಟು ಹೋದರೆ ನಗರಸಭೆಯವರು ಸಂಜೆಯೊಳಗೆ ಎತ್ತಿಕೊಂಡು ಹೋಗ್ತಾರೆ. ಕೇಂದ್ರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೂ ಪಾರ್ಕಿಂಗ್ ಶುಲ್ಕ ಆ ನೆಲದ ಬೆಲೆಗೆ ತಕ್ಕಂತೆ ಇರಬೇಕು ಅಂತಲೇ ಇದೆ.

ಇನ್ನು ಪರ್ಮಿಟ್ ವಿಷಯ. ಇದು ನಮ್ಮಂಥ ವಲಸೆಯವರಿಗೆ ನೇರವಾಗಿ ತಟ್ಟೋದು, ಸ್ವಲ್ಪ ಗಮನ ಕೊಡಿ. ಕರ್ನಾಟಕದ ನಗರ ಭೂಸಾರಿಗೆ ನಿರ್ದೇಶನಾಲಯ ತಯಾರಿಸಿದ ಬೆಂಗಳೂರಿನ ಪಾರ್ಕಿಂಗ್ ನೀತಿ 2.0ಗೆ 2021ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ವಾಸದ ಬೀದಿಗಳಲ್ಲಿ ಮನೆ ಮುಂದೆ ಕಾರು ನಿಲ್ಲಿಸೋರಿಗೆ ವಾರ್ಷಿಕ ಪರ್ಮಿಟ್ ಅಂತ ಅದರಲ್ಲಿತ್ತು. ಸಣ್ಣ ಕಾರಿಗೆ ವರ್ಷಕ್ಕೆ 1,000, ದೊಡ್ಡ ಎಸ್‌ಯುವಿಗೆ 5,000. ಹೆಚ್ಚಿನದ್ದು ಕಾಗದದಲ್ಲೇ ಉಳೀತು. ಆದರೂ ಲೆಕ್ಕ ನೋಡಿ: ವರ್ಷಕ್ಕೆ 5,000 ಅಂದ್ರೆ ದಿನಕ್ಕೆ 14 ರೂಪಾಯಿಗೂ ಕಡಿಮೆ. ಪೇಟೆ ರಸ್ತೆಯಲ್ಲಿ ಸ್ಕೂಟರಿನ ಒಂದು ಗಂಟೆ 15. ಎರಡೂ ಬೇರೆ ಬೇರೆ ಬೀದಿಗಳ ದರ, ನಿಜ. ಆದರೂ ಎಸ್‌ಯುವಿಯ ಇಡೀ ದಿನ, ರಾತ್ರಿ ಸೇರಿ, ಸ್ಕೂಟರಿನ ಒಂದು ಗಂಟೆಗಿಂತ ಅಗ್ಗ ಅನ್ನೋದು ನನಗೆ ನುಂಗೋಕೆ ಆಗಲ್ಲ.

ಅದಕ್ಕಿಂತ ದೊಡ್ಡ ಪ್ರಶ್ನೆ, ಪರ್ಮಿಟ್ ಯಾರಿಗೆ? ನಿವಾಸಿಗೆ ಅಂತಾರೆ. ನಿವಾಸಿ ಅಂದ್ರೆ ಯಾರು? ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿರೋ ಬಾಡಿಗೆದಾರನಾ? ಆಧಾರ್‌ನಲ್ಲಿ ಗದಗದ ವಿಳಾಸ ಇರೋ, ಸಪ್ತಾಪುರದ ರೂಮಲ್ಲಿರೋ ಹುಡುಗನಾ? ನಾಗ್ಪುರದಲ್ಲಿ ಕೆಎ 25 ಗಾಡಿ ಇಟ್ಟುಕೊಂಡಿರೋ ನಾನಾ? ಕಾಲೇಜು ಊರಲ್ಲಿ ಜನಸಂಖ್ಯೆಯ ದೊಡ್ಡ ಭಾಗಕ್ಕೆ ಆ ಊರಿನ ವಿಳಾಸವೇ ಇರೋಲ್ಲ. ಅಲ್ಲಿ ವೋಟಿಲ್ಲ, ತೆರಿಗೆ ರಸೀದಿ ಇಲ್ಲ, ವಾರ್ಡಿನ ಸದಸ್ಯರ ಪರಿಚಯ ಇಲ್ಲ. ನಿಯಮ ಬರೆಯೋವಾಗ ಈ ಜನ ಕೋಣೆಯಲ್ಲಿ ಇರೋದಿಲ್ಲ. ಮನೆ ಮಾಲೀಕರು ಇರ್ತಾರೆ, ಅಂಗಡಿಯವರು ಇರ್ತಾರೆ. ಅವರು ಕೆಟ್ಟವರು ಅಂತಲ್ಲ, ಅವರ ಗಾಡಿ ಅವರಿಗೆ ಕಾಣುತ್ತೆ, ಅಷ್ಟೇ. 2021ರಲ್ಲಿ ಬಿಎಚ್ ಸರಣಿಯ ನಂಬರ್ ಬಂದಾಗ ಗಾಡಿಯ ನಂಬರಿಗೆ ರಾಜ್ಯದ ಗಡಿ ತುಸು ಸಡಿಲವಾಯಿತು, ಅದೂ ಕೆಲವರಿಗೆ. ಪಾರ್ಕಿಂಗ್ ಪರ್ಮಿಟಿಗೂ ಬಾಡಿಗೆ ಕರಾರು, ಕಾಲೇಜಿನ ಗುರುತಿನ ಚೀಟಿ ಸಾಕು ಅನ್ನೋ ನಿಯಮ ಬೇಕು.

ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದು ಕೊನೆಯ ವಿಷಯ. ನನ್ನ ಪ್ರಕಾರ ಮುಖ್ಯವಾದ್ದು ಇದೇ. ಕ್ಯಾಲಿಫೋರ್ನಿಯದಲ್ಲಿ ಪಾಸಡೀನಾ ಅಂತ ಊರು. ಅದರ ಹಳೇ ಪೇಟೆ ಹಾಳು ಬಿದ್ದಿತ್ತು. 1993ರಲ್ಲಿ ಮೀಟರ್ ಹಾಕ್ತೀವಿ ಅಂದಾಗ ಅಂಗಡಿಯವರು, ಬರೋ ನಾಲ್ಕು ಗಿರಾಕಿಗಳೂ ಬರಲ್ಲ ಅಂತ ವಿರೋಧ ಮಾಡಿದರು. ಊರಾಡಳಿತ ಒಂದು ಮಾತು ಕೊಟ್ಟಿತು: ಈ ಬೀದಿಗಳ ಮೀಟರ್ ದುಡ್ಡು ಈ ಬೀದಿಗಳಿಗೇ. ವಿರೋಧ ಕರಗಿತು. ಗಂಟೆಗೆ ಒಂದು ಡಾಲರ್. ಮುಂದೆ ಬರೋ ಆದಾಯದ ಮೇಲೆ 50 ಲಕ್ಷ ಡಾಲರ್ ಸಾಲ ಎತ್ತಿ ಫುಟ್‌ಪಾತ್, ದೀಪ, ಮರ, ಹಿಂದಿನ ಗಲ್ಲಿಗಳು ಎಲ್ಲ ಸರಿಮಾಡಿದರು. ಪೇಟೆ ಮತ್ತೆ ಜೀವ ಹಿಡಿಯಿತು.

ಇದಕ್ಕೆ ತದ್ವಿರುದ್ಧ ಶಿಕಾಗೊ. 2008ರಲ್ಲಿ ಸುಮಾರು 36,000 ಮೀಟರುಗಳನ್ನು 75 ವರ್ಷಕ್ಕೆ ಖಾಸಗಿಯವರಿಗೆ ಕೊಟ್ಟುಬಿಟ್ಟಿತು, 115 ಕೋಟಿ ಡಾಲರಿಗೆ. ಮರುವರ್ಷವೇ ನಗರದ ಇನ್‌ಸ್ಪೆಕ್ಟರ್ ಜನರಲ್ ಹೇಳಿದ್ದು: ಇನ್ನೂ ಸುಮಾರು 97 ಕೋಟಿ ಡಾಲರ್ ಹೆಚ್ಚಿಗೆ ಬರಬೇಕಿತ್ತು. ಈಗ ಬೀದಿಯಲ್ಲಿ ಜಾತ್ರೆ, ಮೆರವಣಿಗೆ ಅಂತ ಮೀಟರ್ ನಿಲ್ಲಿಸಿದರೆ ನಗರವೇ ಕಂಪನಿಗೆ ನಷ್ಟ ತುಂಬಿಕೊಡಬೇಕು. ನಮ್ಮ ಗಣಪತಿ ವಿಸರ್ಜನೆಗೆ ಗುತ್ತಿಗೆದಾರನಿಗೆ ಪರಿಹಾರ ಕಟ್ಟೋದನ್ನು ಊಹಿಸಿ.

ನಮ್ಮ ಕಡೆ ಟೆಂಡರುಗಳು ಚಿಕ್ಕ ಪ್ರಮಾಣದಲ್ಲಿ ಶಿಕಾಗೊ ದಾರಿಯವೇ. ಯಾರು ನಗರಸಭೆಗೆ ಹೆಚ್ಚು ಮೊತ್ತ ಕೊಡ್ತೀನಿ ಅಂತಾರೋ ಅವರಿಗೆ ವಸೂಲಿ. ಆಮೇಲೆ ಆತ ಆ ಮೊತ್ತ ಹೇಗೆ ಹುಟ್ಟಿಸಬೇಕು? ಬೀದಿಯಲ್ಲಿ ಸಂಬಳಕ್ಕೆ ನಿಂತ ಹುಡುಗನ ಕೈಯಲ್ಲಿ. ಒಂದು ಪೇಟೆಯಲ್ಲಿ, ಯಾವ ಊರು ಅಂತ ಬೇಡ, ನನ್ನ ಹತ್ತಿರ ಹೇಳಿದ: ಚೀಟಿ ಬೇಕಂದ್ರೆ 20, ಬೇಡ ಅಂದ್ರೆ 10. ನನಗೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಹನ್ನೆರಡು ಗಂಟೆ ಬಿಸಿಲಲ್ಲಿ ನಿಂತಿದ್ದ, ಕೂರೋಕೆ ಒಂದು ಸ್ಟೂಲೂ ಇರಲಿಲ್ಲ. ನಾಗ್ಪುರದ ಮೇ ತಿಂಗಳ ಬಿಸಿಲು ನಿಮಗೆ ನಾನು ವಿವರಿಸಬೇಕಾಗಿಲ್ಲ. ಸಿಟ್ಟು ಬರೋದು, ಆ 10 ರೂಪಾಯಿಯಲ್ಲಿ ಆ ಬೀದಿಗೆ ಒಂದು ಪೈಸೆಯೂ ಬರೋಲ್ಲ ಅನ್ನೋದಕ್ಕೆ. ಚರಂಡಿಯ ಕಲ್ಲು ಹಾಗೇ ಎದ್ದಿರುತ್ತೆ, ಕಾಲೇಜಿನಿಂದ ಬಸ್ ಸ್ಟಾಪಿಗೆ ನಡೆಯೋಕೆ ಫುಟ್‌ಪಾತ್ ಹಾಗೇ ಇರೋದಿಲ್ಲ.

ವಿದ್ಯಾರ್ಥಿಗಳಿಗೆ ಪಾರ್ಕಿಂಗ್ ದುಡ್ಡಿನಿಂದ ಏನು ಕೊಡಬಹುದು? ಶೂಪ್ ಅವರ ಯುಸಿಎಲ್‌ಎ 2000ದಲ್ಲಿ ಒಂದು ಕೆಲಸ ಮಾಡಿತು. ಗುರುತಿನ ಚೀಟಿ ತೋರಿಸಿದರೆ ಸಾಂಟಾ ಮೋನಿಕಾದ ಬಸ್ಸಿನಲ್ಲಿ ಉಚಿತ ಪ್ರಯಾಣ, ಬಸ್ಸಿನವರಿಗೆ ದುಡ್ಡು ವಿಶ್ವವಿದ್ಯಾಲಯ ಕಟ್ಟೋದು. ಕ್ಯಾಂಪಸ್‌ನಲ್ಲಿ ಹೊಸ ಪಾರ್ಕಿಂಗ್ ಕಟ್ಟಡ ಕಟ್ಟೋದಕ್ಕಿಂತ ಅದು ಅಗ್ಗ. ಬಸ್ ಪಾಸಿನ ಪದ್ಧತಿ ನಮಗೇನು ಹೊಸದಲ್ಲ. ಆ ಪಾಸಿನ ಖರ್ಚನ್ನು ಕಾಲೇಜಿನ ಮುಂದೆ ನಿಲ್ಲೋ ಕಾರುಗಳ ಶುಲ್ಕದಿಂದ ಭರಿಸೋದು ಹೊಸದು. ಸಪ್ತಾಪುರದಲ್ಲಿ ಮಾಡಿ ನೋಡಬಹುದು, ವಿಎನ್‌ಐಟಿ ಸುತ್ತ ಮಾಡಿ ನೋಡಬಹುದು.

ಬುಟಿಬೋರಿಯಲ್ಲಿ ಏನು ಮಾಡಬಹುದು ಅಂತ ಕೇಳಬೇಡಿ ಅಂದ್ರೂ ಕೇಳ್ತೀರಿ. ಮೆಟ್ರೊ ನಿಲ್ದಾಣದ ಸುತ್ತ ಪಾರ್ಕಿಂಗ್ ಟೆಂಡರ್ ಕರೆಯೋ ದಿನ ಬರುತ್ತೆ. ಆ ದಿನ ನಗರ ಪರಿಷತ್ತಿಗೆ ನಾವು ನಾಲ್ಕು ಜನ ಹೋಗಿ, ನಮ್ಮ ಹರಕು ಮುರುಕು ಮರಾಠಿಯಲ್ಲಾದರೂ ಕೇಳೋಣ: ದರ ಗಾಡಿಯ ಅಳತೆ ನೋಡಿ ಹಾಕಿದ್ದೀರಾ? ಆರು ಸ್ಕೂಟರಿಗೆ ಒಂದು ಕಾರಿನಷ್ಟೇ ಬರುತ್ತಾ? ಬಾಡಿಗೆ ಕರಾರು ತೋರಿಸಿದರೆ ಪರ್ಮಿಟ್ ಸಿಗುತ್ತಾ? ವಸೂಲಿಯಲ್ಲಿ ಎಷ್ಟು ಪಾಲು ಇದೇ ಬೀದಿಗೆ, ಅದು ಎಲ್ಲಿ ಬರೆದಿದೆ? ಮರಾಠಿಯವರು ನಕ್ಕರೂ ಉತ್ತರ ಕೊಡ್ತಾರೆ, ನನಗೆ ಇಲ್ಲಿಯ ಜನರ ಮೇಲೆ ಆ ನಂಬಿಕೆ ಇದೆ. ಇಲ್ಲಿ ಸೈಟು ತಗೊಂಡಿರೋರು ಯಾರಾದ್ರೂ ಇದ್ದರೆ ಅವರು ಮುಂದೆ ನಿಲ್ಲಿ, ನಿಮ್ಮ ಹತ್ತಿರ ತೆರಿಗೆ ರಸೀದಿ ಇರುತ್ತೆ. ಉಳಿದವರು ಹಿಂದೆ ನಿಲ್ತೀವಿ.

ಸರಿ, ಪ್ರಶ್ನೆಗಳು. ಆ ಕೊನೆಯಲ್ಲಿ ಕೂತಿರೋ ಮೇಡಂ, ಆಗಲೇ ಕೈ ಎತ್ತಿದ್ರಿ, ನೀವು ಕೇಳಿ.